ಮೊದಲು ಬ್ರಾಕೆಟ್ ಹಾಕಿ ಸ್ವಾಮಿ

ಒಂದು ಶನಿವಾರ ರಾತ್ರಿ ಹನ್ನೊಂದೂವರೆಗೆ ನಾನು ರೋಮ್ ಸಾಮ್ರಾಜ್ಯದ ಚರಿತ್ರೆ ತಿದ್ದಿದೆ. ಹನ್ನೆರಡು ಹೊಡೆಯೋದರೊಳಗೆ ಯಾರೋ ಪುಣ್ಯಾತ್ಮರು ಅದನ್ನು ಅಳಿಸಿ ಮೊದಲಿದ್ದ ಹಾಗೇ ಮಾಡಿಬಿಟ್ಟರು.

ಕೊಚ್ಚಿಕೊಳ್ತಿದ್ದೀನಿ ಅನ್ನಿಸಿದರೆ ವಿವರವಾಗಿ ಕೇಳಿ. ಯಾರು ಬೇಕಾದರೂ ತಿದ್ದಬಹುದಾದ ಇಂಗ್ಲಿಷ್ ವಿಶ್ವಕೋಶವೊಂದರಲ್ಲಿ ಪ್ರಾಚೀನ ರೋಮಿನ ಶಾಸನಗಳು ಮತ್ತು ಇವತ್ತಿನ ಮುದ್ರಣದ ಅಕ್ಷರಗಳ ಬಗ್ಗೆ ಒಂದು ಲೇಖನವಿದೆ. ಅದರಲ್ಲಿ ಒಂದು ವಾಕ್ಯ ಇತ್ತು. ಇಂಗ್ಲಿಷ್ ಅಕ್ಷರಗಳ ಗೆರೆ ಮುಗಿಯೋ ಕಡೆ ಪುಟ್ಟ ಪಾದದ ಹಾಗೆ ಒಂದು ಚಾಚು ಇರುತ್ತಲ್ಲ, ಟೈಮ್ಸ್ ನ್ಯೂ ರೋಮನ್‌ನಲ್ಲಿ ಇರುತ್ತೆ, ಏರಿಯಲ್‌ನಲ್ಲಿ ಇರಲ್ಲ, ಅದಕ್ಕೆ ಸೆರಿಫ್ ಅಂತಾರೆ. ಆ ಸೆರಿಫ್ ಹುಟ್ಟಿದ್ದು ರೋಮಿನ ಕಲ್ಲುಕುಟಿಗನ ಚಾಣದಿಂದ. ಗೆರೆಯ ತುದಿ ಚೆನ್ನಾಗಿ ಮುಗೀಲಿ ಅಂತ ಅವನು ಅಡ್ಡಕ್ಕೊಂದು ಏಟು ಹಾಕ್ತಿದ್ದ, ಅದೇ ಸೆರಿಫ್ ಆಯ್ತು, ಅಂತ ಆ ವಾಕ್ಯ ಹೇಳ್ತಿತ್ತು. 'ಇರಬಹುದು' ಇಲ್ಲ, 'ಅನ್ನುತ್ತಾರೆ' ಇಲ್ಲ, ಯಾರು ಹೇಳಿದ್ದು ಅಂತಾನೂ ಇಲ್ಲ. ಬರೆದದ್ದೇ ಬ್ರಹ್ಮಲಿಪಿ.

ಡಿಸೈನ್ ಗೊತ್ತಿರೋ ಗೆಳೆಯರ ಬಾಯಲ್ಲಿ ಈ ಕಥೆ ನೀವೂ ಕೇಳಿರ್ತೀರಿ. ಚೆಂದದ ಕಥೆ. ಕೇಳಿದ ತಕ್ಷಣ 'ಓಹ್, ಹೌದಲ್ವಾ' ಅನ್ನಿಸುತ್ತೆ. ನನ್ನ ತಕರಾರು ಶುರುವಾಗೋದು ಈ 'ಹೌದಲ್ವಾ' ಇಂದಲೇ.

ಯಾಕಂದ್ರೆ ನಾನು ಕಲ್ಲಿನ ಮೇಲೆ ಅಕ್ಷರ ಕೆತ್ತೋದನ್ನ ಕಣ್ಣಾರೆ ನೋಡಿದವನು. ನಮ್ಮ ಸೋದರಮಾವ ತಿಪಟೂರು ಕಡೆ ಬೋರ್ಡು ಬರೀತಿದ್ದರು. ಫ್ಲೆಕ್ಸ್ ಬರೋಕ್ಕೆ ಮುಂಚೆ ಸುತ್ತಲಿನ ಹತ್ತು ಹಳ್ಳಿಯ ಅಂಗಡಿ, ಸೊಸೈಟಿ, ಡೈರಿ, ಸ್ಕೂಲು ಎಲ್ಲದರ ಹೆಸರೂ ಅವರ ಕೈಯಿಂದಲೇ ಆಗಬೇಕಿತ್ತು. ದೇವಸ್ಥಾನಕ್ಕೆ ಯಾರಾದರೂ ಮೆಟ್ಟಿಲೋ ಕಂಬವೋ ಮಾಡಿಸಿಕೊಟ್ಟರೆ 'ಸೇವಾರ್ಥ' ಅಂತ ಹೆಸರು ಕೆತ್ತಿಸ್ತಾರಲ್ಲ, ಅದಕ್ಕೂ ಮಾವನ್ನೇ ಕರೀತಿದ್ದರು. ಮಾವ ಚಾಣ ಮುಟ್ಟಿದ್ದನ್ನು ನಾನು ನೋಡಿಲ್ಲ. ದಾರ ಹಿಡಿದು ಗೆರೆ ಹೊಡೀತಿದ್ದರು, ಕೆಂಪು ಬಣ್ಣದಲ್ಲಿ ಚಪ್ಪಟೆ ಬ್ರಷ್ಷಿನಿಂದ ಕಲ್ಲಿನ ಮೇಲೆ ಹೆಸರು ಬರೀತಿದ್ದರು, ಬೀಡಿ ಹಚ್ಚಿಕೊಂಡು ಎದ್ದು ಹೋಗ್ತಿದ್ದರು. ಆಮೇಲೆ ಕಲ್ಲು ಕೆಲಸದವರು ಬಂದು ಬಣ್ಣ ಇದ್ದ ಕಡೆ ಕೆತ್ತುತ್ತಿದ್ದರು. ಒಮ್ಮೆ ನಾನು, ಆಗ ಆರನೇ ಕ್ಲಾಸು, "ಮಾವ, ಅವರೇ ಬರ್ಕೊಂಡು ಅವರೇ ಕೆತ್ತಬಹುದಲ್ವಾ" ಅಂದಿದ್ದಕ್ಕೆ, "ಲೋ, ಚಾಣ ಎಲ್ಲಾದ್ರೂ ಬರೀತದೇನೋ? ಚಾಣ ತೆಗೀತದೆ. ಬರೆಯೋದು ಬ್ರಷ್ಷು" ಅಂದಿದ್ದರು.

ಹಾಗಾಗಿ ಆ ವಾಕ್ಯ ಓದಿದಾಗ ನನಗೆ ಮೈ ಉರೀತು. ಲೇಖನದಲ್ಲಿದ್ದ ಚಿತ್ರ ನೋಡಿದೆ. ರೋಮಿನ ಟ್ರಾಜನ್ ಸ್ತಂಭದ ಬುಡದ ಶಾಸನ. ಡೇಶಿಯಾ ಗೆದ್ದ ಟ್ರಾಜನ್ ಚಕ್ರವರ್ತಿಯ ಗೌರವಕ್ಕೆ ಕ್ರಿ.ಶ. 113ರಲ್ಲಿ ಅರ್ಪಣೆಯಾದ ಕಂಬ ಅದು. ಕಂಬದ ಮೈ ಸುತ್ತ ಯುದ್ಧದ ಕಥೆಯನ್ನು ಹಾವಿನ ಥರ ಸುತ್ತಿಸುತ್ತಾ ಮೇಲೆ ತಗೊಂಡು ಹೋಗಿದ್ದಾರೆ. ಬುಡದಲ್ಲಿ ಒಂದು ಬಾಗಿಲು, ಬಾಗಿಲ ಮೇಲೆ ಆರು ಸಾಲಿನ ಬರಹ. ಅಕ್ಷರಶಿಲ್ಪದವರು, ಫಾಂಟ್ ಮಾಡೋವರು ಪಾಠ ಕಲಿಯೋಕ್ಕೆ ತಿರುಗಿ ತಿರುಗಿ ಹೋಗೋದು ಈ ಆರು ಸಾಲಿಗೆ. ಸಿನಿಮಾ ಪೋಸ್ಟರ್‌ಗಳಲ್ಲಿ ನೀವು ನೂರು ಸಲ ನೋಡಿರೋ ಟ್ರಾಜನ್ ಅನ್ನೋ ಫಾಂಟನ್ನು ಕ್ಯಾರಲ್ ಟ್ವಾಂಬ್ಲಿ 1989ರಲ್ಲಿ ಅಡೋಬಿಗೆ ಮಾಡಿಕೊಟ್ಟಿದ್ದು ಇದನ್ನೇ ನೋಡಿಕೊಂಡು.

ಚಿತ್ರ ದೊಡ್ಡದು ಮಾಡಿ ನೋಡಿದರೆ, ಒಂದೇ ಅಕ್ಷರದಲ್ಲಿ ಒಂದು ಗೆರೆ ದಪ್ಪ, ಒಂದು ಗೆರೆ ಸಣ್ಣ. 'ಓ' ಅಕ್ಷರದ ದಪ್ಪ ಭಾಗ ನೆಟ್ಟಗಿಲ್ಲ, ತುಸು ವಾಲಿದೆ. ಚಾಣಕ್ಕೆ ದಪ್ಪ ಸಣ್ಣ ಅಂತ ಭೇದ ಎಲ್ಲಿಂದ ಬರಬೇಕು? ಅದು ಚಪ್ಪಟೆ ಬ್ರಷ್ಷನ್ನು ಓರೆ ಹಿಡಿದು ಎಳೆದಾಗ ಬರೋ ಗುಣ. ಸರಿ, ಲಾಗಿನ್ ಆದೆ. ಹಳೇ ವಾಕ್ಯ ತೆಗೆದು "ಸೆರಿಫ್ ಹುಟ್ಟಿದ್ದು ಬ್ರಷ್ಷಿನಿಂದ, ಚಾಣದಿಂದಲ್ಲ" ಅಂತ ಹಾಕಿದೆ. ಜಗತ್ತನ್ನು ಸರಿಮಾಡಿದ ತೃಪ್ತಿಯಲ್ಲಿ ನೀರು ಕುಡಿದು ಬರೋದರೊಳಗೆ ನನ್ನ ವಾಕ್ಯ ಮಾಯ. 'ಆಧಾರವಿಲ್ಲ' ಅಂತ ಒಂದು ಮಾತಿನ ಕಾರಣ. ಹಳೇ ವಾಕ್ಯ ತನ್ನ ಜಾಗದಲ್ಲಿ ಮತ್ತೆ ಕಾಲು ಚಾಚಿಕೊಂಡು ಮಲಗಿತ್ತು.

ಇಲ್ಲಿ ಸಿಟ್ಟು ಬರಬೇಕೋ ಬೇಡವೋ ನೀವೇ ಹೇಳಿ. ನನ್ನ ವಾಕ್ಯಕ್ಕೆ ಆಧಾರ ಇರಲಿಲ್ಲ, ಒಪ್ಪಿದೆ. ಅವರು ವಾಪಸ್ ತಂದ ವಾಕ್ಯಕ್ಕೆ ಎಲ್ಲಿತ್ತು? ಅದಕ್ಕೂ ಇರಲಿಲ್ಲ! ಅದಕ್ಕಿದ್ದ ಒಂದೇ ಯೋಗ್ಯತೆ ಅಂದ್ರೆ ಅದು ಅಲ್ಲಿ ಬಹಳ ದಿನದಿಂದ ಇತ್ತು. ಹಳೇ ತಪ್ಪಿಗೆ ಪಿಂಚಣಿ, ಹೊಸಬನಿಗೆ ಪೊಲೀಸ್ ವೆರಿಫಿಕೇಶನ್. ಊರಲ್ಲಿ ಗೋಮಾಳ ಒತ್ತುವರಿ ಮಾಡಿದವರ ಕಥೆಯೂ ಹೀಗೇ ತಾನೇ? ಮೊದಲು ಬೇಲಿ ಹಾಕಿದವನು ಯಜಮಾನ. ಪತ್ರ ತೋರಿಸಬೇಕಾದವನು ಪ್ರಶ್ನೆ ಕೇಳಿದವನು.

ವಿಶ್ವಕೋಶ ಕಾಯೋ ಮಹನೀಯರಿಗೆ ನನ್ನ ಮೊದಲ ಜಗಳ ಇದು. 'ಆಧಾರ ಕೊಡಿ' ಅನ್ನೋ ನಿಯಮ ಚಿನ್ನದಂಥದ್ದು. ಆದರೆ ಅದನ್ನು ಹೊಸದಾಗಿ ಒಳಗೆ ಬರೋವರ ಮೇಲೆ ಮಾತ್ರ ಪ್ರಯೋಗ ಮಾಡಿದರೆ ಅದು ನಿಯಮ ಅಲ್ಲ, ವಾಚ್‌ಮನ್ ಕೆಲಸ. ಒಳಗೆ ಈಗಾಗಲೇ ಕೂತಿರೋವರ ಐಡಿ ಕಾರ್ಡೂ ಒಂದ್ಸಲ ನೋಡಿ.

ಇರಲಿ. ಸಿಟ್ಟಿನಿಂದ ಒಂದು ಒಳ್ಳೇದಾಯ್ತು. ಆಧಾರ ಹುಡುಕೋಕ್ಕೆ ಕೂತೆ. ಸಿಕ್ಕಿದವರು ಎಡ್ವರ್ಡ್ ಕ್ಯಾಟಿಚ್ ಅನ್ನೋ ಅಮೆರಿಕದ ಪಾದ್ರಿ. ಅನಾಥಾಲಯದಲ್ಲಿ ಬೆಳೆದವರು. ಪಾದ್ರಿ ಆಗೋಕ್ಕೆ ಮುಂಚೆ ಏನು ಕೆಲಸ ಮಾಡ್ತಿದ್ದರು ಗೊತ್ತಾ? ಶಿಕಾಗೋದಲ್ಲಿ ಬೋರ್ಡು ಬರೀತಿದ್ದರು! ಅದನ್ನು ಓದಿ ನಾನು ಕುರ್ಚಿಯಿಂದ ಎದ್ದು ನಿಂತೆ. 1930ರ ದಶಕದಲ್ಲಿ ಧರ್ಮಶಾಸ್ತ್ರ ಓದೋಕ್ಕೆ ರೋಮಿಗೆ ಹೋದಾಗ ಟ್ರಾಜನ್ ಸ್ತಂಭದ ಶಾಸನದ ಮೇಲೆ ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆದರು, ಅಕ್ಷರ ಅಕ್ಷರ ಅಳೆದರು. 1968ರಲ್ಲಿ 'ದಿ ಒರಿಜಿನ್ ಆಫ್ ದಿ ಸೆರಿಫ್' ಅಂತ ಪುಸ್ತಕ ತಂದರು. ವಾದ ಇಷ್ಟೇ: ಆ ಅಕ್ಷರಗಳನ್ನು ಮೊದಲು ಚಪ್ಪಟೆ ಬ್ರಷ್ಷಿನಲ್ಲಿ ಬರೆದರು, ಆಮೇಲೆ ಕೆತ್ತಿದರು, ಗೆರೆಯ ಶುರು ಮತ್ತು ಕೊನೆಯಲ್ಲಿ ಬ್ರಷ್ಷು ತಿರುಗುವಾಗ ಹುಟ್ಟಿದ್ದೇ ಸೆರಿಫ್. ಬ್ರಷ್ಷಿನ ಅನುಮಾನ ಅವರಿಗಿಂತ ಮುಂಚೆ ಬೇರೆಯವರಿಗೂ ಬಂದಿತ್ತು. ಇಂಗ್ಲೆಂಡಿನ ಲೆಥಬಿ 1906ರಲ್ಲೇ ಅದರ ಸುಳಿವು ಕೊಟ್ಟಿದ್ದರು. ಆದರೆ ಬ್ರಷ್ಷು ಹಿಡಿದು ಬರೆದು ತೋರಿಸಿ ವಾದ ಮಾಡಿದವರು ಕ್ಯಾಟಿಚ್.

ಚಾಣದ ಕಥೆಗೆ ಇನ್ನೊಂದು ತೊಡಕಿದೆ. ಚಾಣದಿಂದ ಕೆತ್ತಿದರೆ ಸೆರಿಫ್ ತಾನಾಗೇ ಬರೋದಾದರೆ ಎಲ್ಲಾ ಕಾಲದಲ್ಲೂ ಬರಬೇಕಿತ್ತಲ್ವಾ? ವ್ಯಾಟಿಕನ್ ಮ್ಯೂಸಿಯಮ್ಮಿನಲ್ಲಿ ಸಿಪಿಯೋ ಬಾರ್ಬಾಟಸ್ ಅನ್ನೋ ರೋಮನ್ ನಾಯಕನ ಕಲ್ಲಿನ ಶವಪೆಟ್ಟಿಗೆ ಇದೆ. ಟ್ರಾಜನ್ನನಿಗಿಂತ ಮುನ್ನೂರು ವರ್ಷಕ್ಕೂ ಹಳೇದು. ಅದರ ಮೇಲಿನ ಅಕ್ಷರಗಳು ಒಂದೇ ದಪ್ಪದ ಬೋಳು ಗೆರೆಗಳು, ಸೆರಿಫ್ ಇಲ್ಲ ಅಂತಲೇ ಹೇಳಬಹುದು. ಚಾಣ ಆಗಲೂ ಇತ್ತಲ್ಲ ಸ್ವಾಮಿ!

ಭಾನುವಾರ ಬೆಳಿಗ್ಗೆ ಇಷ್ಟನ್ನೂ ಹೊತ್ತುಕೊಂಡು ಲೇಖನದ ಚರ್ಚಾಪುಟಕ್ಕೆ ಹೋದೆ. ಗೆದ್ದೆ ಅಂದುಕೊಂಡೇ ಹೋದೆ. ನನ್ನ ವಾಕ್ಯ ಅಳಿಸಿದವರು ಶಾಂತವಾಗಿ ಎರಡು ಪ್ರಶ್ನೆ ಕೇಳಿದರು. ಒಂದು: ಕ್ಯಾಟಿಚ್ ಹೇಳಿದ್ದು ರೋಮನ್ ಸಾಮ್ರಾಜ್ಯ ಕಾಲದ ಅಕ್ಷರಗಳ ಬಗ್ಗೆ, ನೀವು ಬರೆದದ್ದು ಎಲ್ಲಾ ಸೆರಿಫಿನ ಬಗ್ಗೆ, ಇದು ಹೇಗೆ? ಎರಡು: ಪ್ರಿಯೇನೆಯ ಕಲ್ಲಿಗೆ ಏನು ಹೇಳ್ತೀರಿ?

ಯಾವ ಪ್ರಿಯೇನೆ? ನನಗೆ ಗೊತ್ತೇ ಇರಲಿಲ್ಲ. ಇವತ್ತಿನ ಟರ್ಕಿಯಲ್ಲಿರೋ ಹಳೇ ಗ್ರೀಕ್ ಊರು. ಅಲ್ಲಿಯ ಅಥೀನಾ ದೇವಸ್ಥಾನವನ್ನು ಅಲೆಕ್ಸಾಂಡರ್ ದೊರೆ ಅರ್ಪಿಸಿದ ಅಂತ ಹೇಳೋ ಶಾಸನ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕ್ರಿ.ಪೂ. 4ನೇ ಶತಮಾನದ್ದು. ನೋಡಿದರೆ ಅದರ ಗೆರೆಗಳ ತುದಿ ಅಗಲವಾಗಿ ಅರಳಿದೆ. ದಪ್ಪ–ಸಣ್ಣ ಆಟ ಇಲ್ಲ, ಚಪ್ಪಟೆ ಬ್ರಷ್ಷಿನ ಗುರುತು ಕಾಣಲ್ಲ, ಆದರೆ ತುದಿ ಅರಳಿದೆ. ಟ್ರಾಜನ್ನನಿಗಿಂತ ನಾನ್ನೂರು ವರ್ಷ ಮೊದಲೇ ಸೆರಿಫಿನಂಥದ್ದು ಅಲ್ಲಿದೆ.

ನಾನು ಮಾಡಿದ್ದೇನು ಅಂತ ಆಗ ಗೊತ್ತಾಯ್ತು. ಒಂದು ಚೆಂದದ ಕಥೆ ತೆಗೆದು ನನಗೆ ಇಷ್ಟವಾದ ಇನ್ನೊಂದು ಚೆಂದದ ಕಥೆ ಇಟ್ಟಿದ್ದೆ, ಅಷ್ಟೇ. ಅವರದು 'ಚಾಣದಿಂದ ಹುಟ್ಟಿತು, ಫುಲ್‌ಸ್ಟಾಪ್'. ನನ್ನದು 'ಬ್ರಷ್ಷಿನಿಂದ ಹುಟ್ಟಿತು, ಫುಲ್‌ಸ್ಟಾಪ್'. ತಪ್ಪು ಇದ್ದದ್ದು ಚಾಣದಲ್ಲೂ ಅಲ್ಲ ಬ್ರಷ್ಷಿನಲ್ಲೂ ಅಲ್ಲ, ಆ ಫುಲ್‌ಸ್ಟಾಪಿನಲ್ಲಿ.

ಇದಕ್ಕೆ ಮದ್ದು ಶಾಸನ ಓದೋ ವಿದ್ವಾಂಸರ ಹತ್ತಿರ ಮೊದಲಿಂದಲೂ ಇದೆ. ಟ್ರಾಜನ್ ಶಾಸನದ ಕೆಳಗಿನ ಅಂಚಿನಲ್ಲಿ ಕಲ್ಲು ಕಡಿದುಹೋಗಿದೆ. ಕೊನೇ ಸಾಲಿನ 'ಟಾಂಟಿಸ್ ಒಪೆರಿಬುಸ್', ಅಂದ್ರೆ 'ಇಂಥ ದೊಡ್ಡ ಕಾಮಗಾರಿಗಾಗಿ', ಅನ್ನೋ ಎರಡು ಪದಗಳ ನಡುವಿನ ಕೆಲವು ಅಕ್ಷರ ಈಗ ಕಲ್ಲಿನ ಮೇಲಿಲ್ಲ. ಏನಿತ್ತು ಅನ್ನೋದರ ಬಗ್ಗೆ ಹೆಚ್ಚು ಅನುಮಾನ ಇಲ್ಲ. ಆದರೂ ವಿದ್ವಾಂಸರು ಅದನ್ನು ಅಚ್ಚು ಮಾಡುವಾಗ ಆ ಅಕ್ಷರಗಳನ್ನು ಚೌಕ ಬ್ರಾಕೆಟ್ಟಿನ ಒಳಗೆ ಹಾಕ್ತಾರೆ. ಅದರರ್ಥ: ಓದುಗ ಮಹಾಶಯ, ಇದು ಕಲ್ಲಿನ ಮೇಲೆ ಇಲ್ಲ, ನಾನು ತುಂಬಿದ್ದು. ಅಕ್ಷರ ಅರ್ಧ ಮಾತ್ರ ಕಾಣ್ತಿದೆ, ಖಾತ್ರಿ ಇಲ್ಲ ಅಂದ್ರೆ ಅದರ ಕೆಳಗೆ ಒಂದು ಚುಕ್ಕೆ. ಕಲ್ಲಿನಲ್ಲಿ ಸಂಕ್ಷೇಪವಾಗಿ ಇದ್ದದ್ದನ್ನು ಬಿಡಿಸಿ ಬರೆದರೆ ಅದಕ್ಕೆ ದುಂಡು ಬ್ರಾಕೆಟ್. ಈ ಪದ್ಧತಿಗೆ ಲೈಡನ್ ಪದ್ಧತಿ ಅಂತ ಹೆಸರು. 1931ರಲ್ಲಿ ಹಾಲೆಂಡಿನ ಲೈಡನ್ ಊರಿನಲ್ಲಿ ಸೇರಿದ ವಿದ್ವಾಂಸರು ಒಪ್ಪಿಕೊಂಡಿದ್ದು.

ಎಷ್ಟು ಸರಳ ನೋಡಿ. ಕಲ್ಲಿನಲ್ಲಿರೋದು ಯಾವುದು, ನನ್ನ ತಲೆಯಲ್ಲಿರೋದು ಯಾವುದು? ಎರಡರ ನಡುವೆ ಒಂದು ಬ್ರಾಕೆಟ್. ಊಹೆ ಮಾಡಬೇಡಿ ಅಂತ ಯಾರೂ ಹೇಳ್ತಿಲ್ಲ. ಧಾರಾಳವಾಗಿ ಮಾಡಿ. ಬ್ರಾಕೆಟ್ ಹಾಕಿ ಮಾಡಿ. ನನ್ನ ಪ್ರಕಾರ ಜ್ಞಾನಕ್ಕೂ ಹರಟೆಗೂ ಇರೋ ವ್ಯತ್ಯಾಸ ಇಷ್ಟೇ. ಬ್ರಾಕೆಟ್ ಇಲ್ಲದ ಊಹೆ ಎಷ್ಟೇ ಸರಿಯಾಗಿದ್ದರೂ ಅದು ಓದುಗನಿಗೆ ಮಾಡಿದ ಮೋಸ.

ಈ ಕಣ್ಣಿನಿಂದ ರೋಮನ್ ಅಕ್ಷರಗಳ ಬಗ್ಗೆ ನಾವು ನಂಬಿಕೊಂಡಿರೋದನ್ನೆಲ್ಲ ಒಂದು ಸುತ್ತು ನೋಡಿ, ಬ್ರಾಕೆಟ್ ಬಿದ್ದುಹೋದ ಕಥೆಗಳು ಸಾಲಾಗಿ ಸಿಗ್ತವೆ.

'ಇಂಗ್ಲಿಷಿನ 26 ಅಕ್ಷರ ರೋಮನ್ನರು ಕೊಟ್ಟಿದ್ದು.' ಅಲ್ಲ. ಅವರ ಹತ್ತಿರ ಇದ್ದದ್ದು 23. 'ಜೆ', 'ಯು', 'ಡಬ್ಲ್ಯು' ಬೇರೆ ಅಕ್ಷರಗಳಾಗಿ ನಿಂತಿದ್ದು ನೂರಾರು ವರ್ಷ ಆದಮೇಲೆ. ಟ್ರಾಜನ್ ಶಾಸನದಲ್ಲಂತೂ ಸಿಗೋದು 19 ಮಾತ್ರ. 'ಎಚ್', 'ಕೆ', 'ವೈ', 'ಜೆಡ್' ಕೂಡ ಅದರಲ್ಲಿ ಬರಲ್ಲ. ಫಾಂಟಿನಲ್ಲಿ ಉಳಿದವನ್ನು ಟ್ವಾಂಬ್ಲಿ ತಾವೇ ಮಾಡಿಕೊಳ್ಳಬೇಕಾಯ್ತು. ನೀವು ಮದುವೆ ಕಾರ್ಡಿಗೆ ಆ ಫಾಂಟ್ ಹಾಕಿ 'ಜಯಶ್ರೀ ವೆಡ್ಸ್ ಹರೀಶ್' ಅಂತ ಇಂಗ್ಲಿಷಿನಲ್ಲಿ ಹೊಡೆದರೆ 'ಜೆ', 'ವೈ', 'ಎಚ್', 'ಡಬ್ಲ್ಯು' ನಾಲ್ಕೂ 20ನೇ ಶತಮಾನದವು. ಹಾಕಬಾರದು ಅಂತಲ್ಲ. ಅವು ಬ್ರಾಕೆಟ್ಟಿನೊಳಗಿನ ಅಕ್ಷರ ಅನ್ನೋದು ಗೊತ್ತಿರಲಿ.

'ಸಣ್ಣಕ್ಷರಗಳೂ ರೋಮನ್ನರವೇ, ರೋಮನ್ ಫಾಂಟ್ ಅಂತಲೇ ಕರೀತೀವಲ್ಲ.' ಇದರ ಕಥೆ ಇನ್ನೂ ಮಜಾ. ಇವತ್ತು ನಾವು ಓದೋ ಸಣ್ಣಕ್ಷರದ ರೂಪ ಬಂದಿದ್ದು ಚಾರ್ಲ್‌ಮೇನ್ ದೊರೆಯ ಕಾಲದ, ಅಂದ್ರೆ ಸುಮಾರು ಕ್ರಿ.ಶ. 800ರ ಹಸ್ತಪ್ರತಿಗಳಿಂದ. 15ನೇ ಶತಮಾನದ ಇಟಲಿಯ ಪಂಡಿತರು ಆ ಹಸ್ತಪ್ರತಿಗಳನ್ನು ನೋಡಿ ಇದೇ ಪ್ರಾಚೀನ ರೋಮನ್ನರ ಕೈಬರಹ ಅಂದುಕೊಂಡು ಅನುಕರಿಸಿದರು. ಅದನ್ನು ಶಾಸನದ ದೊಡ್ಡಕ್ಷರದ ಪಕ್ಕ ಕೂರಿಸಿದರು, ಅಚ್ಚುಮೊಳೆ ಮಾಡೋವರು ಇಬ್ಬರನ್ನೂ ಮದುವೆ ಮಾಡಿಸಿದರು. 1470ರಲ್ಲಿ ವೆನಿಸ್‌ನಲ್ಲಿ ನಿಕೊಲಾ ಜೆನ್ಸನ್ ಅಚ್ಚು ಹಾಕಿದ ಅಕ್ಷರ ಇವತ್ತಿಗೂ ಮಾದರಿ. ಯಾರೋ ಒಬ್ಬರು ಬ್ರಾಕೆಟ್ ಹಾಕೋದು ಮರೆತಿದ್ದಕ್ಕೆ ನಮ್ಮ ಪುಸ್ತಕಗಳು ಇಷ್ಟು ಚೆನ್ನಾಗಿ ಕಾಣ್ತವೆ ಅಂತ ನೀವು ವಾದ ಮಾಡಬಹುದು. ಮಾಡಿ. ಎಲ್ಲರ ತಪ್ಪಿಗೂ ಅಷ್ಟು ಅದೃಷ್ಟ ಇರಲ್ಲ.

'ರೋಮನ್ನರು ಹೀಗೆ ದೊಡ್ಡಕ್ಷರದಲ್ಲೇ ಬರೀತಿದ್ದರು.' ಚಕ್ರವರ್ತಿಯ ಕಂಬದ ಮೇಲೆ, ಹೌದು. ಆದರೆ ಕಂಬ ನಿಲ್ಲೋಕ್ಕೆ ಹತ್ತು–ಹನ್ನೆರಡು ವರ್ಷ ಮುಂಚೆ, ಉತ್ತರ ಇಂಗ್ಲೆಂಡಿನ ವಿಂಡೊಲ್ಯಾಂಡಾ ಕೋಟೆಯ ಕಡೆ, ಕ್ಲಾಡಿಯಾ ಸೆವೆರಾ ಅನ್ನೋ ಹೆಣ್ಣುಮಗಳು ತನ್ನ ಗೆಳತಿ ಸುಲ್ಪಿಸಿಯಾ ಲೆಪಿಡಿನಾಗೆ ಹುಟ್ಟುಹಬ್ಬಕ್ಕೆ ಬಾ ಅಂತ ತೆಳು ಮರದ ಹಲಗೆಯ ಮೇಲೆ ಮಸಿಯಲ್ಲಿ ಕಾಗದ ಬರೆಸಿದಳು. ಕೊನೆಯ ಮಾತುಗಳನ್ನು ತನ್ನ ಕೈಯಲ್ಲೇ ಸೇರಿಸಿದಳು. ಹೆಣ್ಣೊಬ್ಬಳ ಕೈಯಿಂದ ಬಂದ ಲ್ಯಾಟಿನ್ ಬರಹದಲ್ಲಿ ನಮಗೆ ಸಿಕ್ಕಿರೋ ಅತಿ ಹಳೆಯದರಲ್ಲಿ ಅದೂ ಒಂದು. ಆ ಮೋಡಿ ಅಕ್ಷರ ಟ್ರಾಜನ್ ಶಾಸನದ ಅಕ್ಷರಕ್ಕೆ ಎಷ್ಟು ದೂರ ಅಂದ್ರೆ, ನಮ್ಮ ಶಾನುಭೋಗರ ಹಳೇ ಕಡತ ನೋಡಿದ ಹಾಗೆ ಆಗುತ್ತೆ, ಒಂದು ಅಕ್ಷರ ಗುರುತು ಹತ್ತಲ್ಲ.

'ಆ ಅಕ್ಷರಗಳ ಹಿಂದೆ ಪಕ್ಕಾ ಜ್ಯಾಮಿತಿ ಇದೆ.' ಇದು ನಮ್ಮಂಥ ಇಂಜಿನಿಯರುಗಳಿಗೆ ಹಾಕಿದ ಗಾಳ. ರೆನೆಸಾನ್ಸ್ ಕಾಲದವರು ಕೈವಾರ ಹಿಡಿದು ರೋಮನ್ ಅಕ್ಷರಗಳನ್ನು ವೃತ್ತ–ಚೌಕಕ್ಕೆ ಹೊಂದಿಸೋಕ್ಕೆ ಒದ್ದಾಡಿದರು. 1509ರಲ್ಲಿ ಪಚೋಲಿ ದಪ್ಪ ಗೆರೆ ಎತ್ತರದ ಒಂಬತ್ತನೇ ಒಂದು ಭಾಗ ಅಂದ. 1525ರಲ್ಲಿ ಡ್ಯೂರರ್ ಹತ್ತನೇ ಒಂದು ಅಂದ. ಇಬ್ಬರ ಅಕ್ಷರವೂ ಸುಂದರ. ಆದರೆ ಕಲ್ಲಿನ ಮೇಲೆ ಒಂದು 'ಎಸ್' ಇದ್ದ ಹಾಗೆ ಇನ್ನೊಂದು 'ಎಸ್' ಇಲ್ಲ, ಯಾಕಂದ್ರೆ ಅದು ಕೈ. ಕೈಯಲ್ಲಿ ಬರೆದದ್ದಕ್ಕೆ ಫಾರ್ಮುಲಾ ಹುಡುಕಿ, ಸಿಗದಿದ್ದಾಗ ಫಾರ್ಮುಲಾನೇ ನಿಜ ಅನ್ನೋದು ನಮ್ಮ ಜಾತಿಯ ಹಳೇ ಕಾಯಿಲೆ.

ಕೊನೆಗೆ, 'ಕಲ್ಲಿನ ಮೇಲೇ ಬರೆದಿದೆಯಲ್ಲ' ಅನ್ನೋವರಿಗೆ. ರೋಮಿನ ಪ್ಯಾಂಥಿಯನ್ ಮುಂಭಾಗದಲ್ಲಿ, ಮೂರನೇ ಸಲ ಕಾನ್ಸಲ್ ಆಗಿದ್ದ ಮಾರ್ಕಸ್ ಅಗ್ರಿಪ್ಪ ಇದನ್ನು ಕಟ್ಟಿಸಿದ ಅಂತ ದೊಡ್ಡದಾಗಿ ಹಾಕಿಕೊಂಡಿದ್ದಾರೆ. ಇಟ್ಟಿಗೆಗಳ ಮೇಲಿನ ಮುದ್ರೆ ನೋಡಿದರೆ ಈಗಿರೋ ಕಟ್ಟಡ ಅಗ್ರಿಪ್ಪ ಸತ್ತು ನೂರು ವರ್ಷದ ಮೇಲೆ, ಹೇಡ್ರಿಯನ್ ಚಕ್ರವರ್ತಿಯ ಕಾಲಕ್ಕೆ ಮುಗಿದದ್ದು. ಹಳೇ ಗುಡಿ ಹೋಗಿ ಹೊಸದು ಕಟ್ಟಿದರೂ ಹಳೇ ಹೆಸರನ್ನೇ ಹಾಕಿದರು. ಕಲ್ಲೂ ಅಷ್ಟೇ, ವಿಶ್ವಕೋಶವೂ ಅಷ್ಟೇ. ಬರೆದಿದೆ ಅನ್ನೋದು ತನಿಖೆಯ ಆರಂಭ, ತೀರ್ಪಲ್ಲ.

ಇದನ್ನೆಲ್ಲ ಟೀಮಿನ ಗೆಳೆಯನೊಬ್ಬನಿಗೆ ಕ್ಯಾಂಟೀನಿನಲ್ಲಿ ಹೇಳಿದೆ. ಅವನು ಇಡ್ಲಿ ಮುರೀತಾ, "ಮಗಾ, ಸೆರಿಫ್ ಚಾಣದಿಂದ ಬಂದ್ರೇನು, ಬ್ರಷ್ಷಿಂದ ಬಂದ್ರೇನು? ಯಾರಿಗೆ ಬೇಕೋ ಇದು? ಅಪ್ರೈಸಲ್‌ಗೆ ಬರುತ್ತಾ?" ಅಂದ.

ಬರಲ್ಲ. ಆದರೆ ಈ ಪ್ರಶ್ನೆಗೆ ಎರಡು ಉತ್ತರ ಇದೆ, ಎರಡೂ ಬೇಕು.

ಒಂದು, ಅಭ್ಯಾಸದ್ದು. ಎರಡು ವರ್ಷದ ಹಿಂದೆ ನಮ್ಮ ಸರ್ವರೊಂದು ಮಧ್ಯರಾತ್ರಿ ಮಲಗಿಬಿಡ್ತು. ಬೆಳಿಗ್ಗೆ ರೂಟ್ ಕಾಸ್ ಬರೀಬೇಕಿತ್ತು. 'ಡೇಟಾಬೇಸ್ ಕನೆಕ್ಷನ್‌ಗಳು ತುಂಬಿಹೋಗಿದ್ದರಿಂದ' ಅಂತ ಬರೆದೆ. ಲಾಗ್ ಪೂರ್ತಿ ನೋಡಿರಲಿಲ್ಲ. ಆ ಕಾರಣ ಓದೋಕ್ಕೆ ಚೆನ್ನಾಗಿತ್ತು, ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸಿದರು. 'ಹೌದಲ್ವಾ.' ಮುಂದಿನ ತಿಂಗಳು ಅದೇ ಸರ್ವರ್ ಅದೇ ಹೊತ್ತಿಗೆ ಮತ್ತೆ ಮಲಗಿತು. ಆಮೇಲೆ ನೋಡಿದರೆ ತಿಂಗಳ ಕೊನೆಗೆ ಓಡೋ ಒಂದು ಜಾಬ್ ಬರೆಯೋ ಫೈಲಿನಿಂದ ಡಿಸ್ಕ್ ತುಂಬ್ತಿತ್ತು. ನಾನು 'ನೋಡಿಲ್ಲ, ಅನುಮಾನ ಮಾತ್ರ' ಅಂತ ಬ್ರಾಕೆಟ್ ಹಾಕಿದ್ದಿದ್ದರೆ ಯಾರಾದರೂ ಮುಂದೆ ಹುಡುಕ್ತಿದ್ದರು. ಬ್ರಾಕೆಟ್ ಇಲ್ಲದ ಊಹೆ ಮಾಡೋ ದೊಡ್ಡ ಹಾನಿ ಇದು: ತಪ್ಪು ಹೇಳೋದಷ್ಟೇ ಅಲ್ಲ, ಹುಡುಕೋದನ್ನೂ ನಿಲ್ಲಿಸಿಬಿಡುತ್ತೆ.

ಇನ್ನೊಂದು, ನ್ಯಾಯದ್ದು. ಸಿಸಿಲಿಯ ಪಲೆರ್ಮೋದಲ್ಲಿ ಒಂದು ಪುಟ್ಟ ಕಲ್ಲು ಸಿಕ್ಕಿದೆ. ಅದು ರೋಮನ್ ಕಾಲದ ಅಂಗಡಿ ಬೋರ್ಡು! ಗ್ರೀಕ್ ಮತ್ತು ಲ್ಯಾಟಿನ್ ಎರಡೂ ಭಾಷೆಯಲ್ಲಿ, ದೇವಸ್ಥಾನಗಳಿಗೆ, ಸಾರ್ವಜನಿಕ ಕೆಲಸಗಳಿಗೆ ಇಲ್ಲಿ ಶಾಸನಗಳನ್ನು ಅಣಿಗೊಳಿಸಿ ಕೆತ್ತಿಕೊಡಲಾಗುತ್ತದೆ ಅಂತ ಜಾಹೀರಾತು. ಎರಡೂ ಭಾಷೆಯಲ್ಲಿ ವ್ಯಾಕರಣ ತಪ್ಪು ಬೇರೆ, ನಮ್ಮ ರಸ್ತೆ ಬೋರ್ಡುಗಳ ಹಾಗೇ. ಗಮನಿಸಬೇಕಾದದ್ದು ಅದರ ಎರಡು ಕ್ರಿಯಾಪದ: ಅಣಿಗೊಳಿಸೋದು ಒಂದು ಕೆಲಸ, ಕೆತ್ತೋದು ಇನ್ನೊಂದು. ಸಾಲು ಎಲ್ಲಿ ಮುರೀಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು, ಎಲ್ಲಿ ಎಷ್ಟು ಜಾಗ ಬಿಡಬೇಕು ಅಂತ ಮೊದಲು ಕಲ್ಲಿನ ಮೇಲೆ ಯಾರೋ ನಿರ್ಧಾರ ಮಾಡ್ತಿದ್ದರು. ಚಾಣದ ಕಥೆಯನ್ನು ಬ್ರಾಕೆಟ್ ಇಲ್ಲದೆ ಹೇಳಿದಾಗೆಲ್ಲ ಆ ಮನುಷ್ಯ ಚರಿತ್ರೆಯಿಂದ ಅಳಿಸಿಹೋಗ್ತಾನೆ. ಬಣ್ಣ ಮಳೆಗೆ ತೊಳೆದುಹೋಗುತ್ತೆ, ಕೆತ್ತಿದ್ದು ಉಳಿಯುತ್ತೆ. ಉಳಿದದ್ದನ್ನು ಮಾತ್ರ ನೋಡಿ ಕಥೆ ಕಟ್ಟೋರಿಗೆ ಬ್ರಷ್ಷು ಹಿಡಿದ ಕೈ ಕಾಣೋದೇ ಇಲ್ಲ. ನಮ್ಮ ತಾಲೂಕಿನ ಮೆಟ್ಟಿಲು ಕಂಬಗಳ ಮೇಲೆ ದಾನಿಗಳ ಹೆಸರಿದೆ. ಮಾವನ ಹೆಸರು ಎಲ್ಲೂ ಇಲ್ಲ. ಶಾಸನ ಓದೋ ಪಂಡಿತರಿಗೆ ನೂರು ಪುಸ್ತಕ ಓದಿದರೂ ಹೊಳೆಯದೇ ಹೋಗಬಹುದಾದ್ದು ಬೋರ್ಡು ಬರೆದ ಪಾದ್ರಿಗೆ ಹೊಳೀತು ಅಂದ್ರೆ, ಕೈಗೂ ಒಂದು ಓದು ಇದೆ ಅಂತ ಒಪ್ಪಲೇಬೇಕು.

ಹಾಗಂತ ಮಾವನ ಮಾತೇ ಆಧಾರ ಅಂತ ಹಾಕೋಕ್ಕಾಗಲ್ಲ. ಅದು ಸರಿಯೇ. ಮಾವ ಟ್ರಾಜನ್ನನ ಆಸ್ಥಾನದಲ್ಲಿ ಇರಲಿಲ್ಲ. ಕೈಯ ಅನುಭವ ಪ್ರಶ್ನೆ ಎಬ್ಬಿಸುತ್ತೆ; ಉತ್ತರಕ್ಕೆ ಕಲ್ಲು, ಅಳತೆ, ಪುಸ್ತಕ ಬೇಕು. ಆಧಾರ ಕೇಳೋವರನ್ನು ಕಂಡರೆ 'ಗುಮಾಸ್ತರು' ಅಂತ ಮೂಗು ಮುರಿಯೋ ನನ್ನಂಥವರಿಗೆ ಇದು ನನ್ನ ಎರಡನೇ ಜಗಳ, ಅಂದ್ರೆ ನನ್ನ ಜೊತೆ ನಾನೇ ಆಡಿದ ಜಗಳ.

ಮೂರನೇ ಜಗಳ ನಿಮ್ಮ ಜೊತೆ. ವಿಶ್ವಕೋಶದಲ್ಲಿ ತಪ್ಪಿದೆ ಅಂತ ನಗೋರು ನಮ್ಮಲ್ಲಿ ಎಷ್ಟು ಜನ! 'ಅದನ್ನೆಲ್ಲ ಯಾರು ನಂಬ್ತಾರೆ' ಅಂತ ಹೇಳ್ತಾ ಹೇಳ್ತಾ ಪ್ರೆಸೆಂಟೇಶನ್ನಿಗೆ ಅಲ್ಲಿಂದಲೇ ಕಾಪಿ ಹೊಡೀತೀವಿ. ಊರ ಕೆರೆ ನೀರು ಕುಡಿದು, ಹೂಳೆತ್ತೋ ದಿನ ಮಾತ್ರ ಬೆಂಗಳೂರು ಬಸ್ಸು ಹತ್ತೋ ಹಾಗೆ. ನಿಮಗೆ ಪಂಪು ಗೊತ್ತಿರಬಹುದು, ರೇಷ್ಮೆ ಗೊತ್ತಿರಬಹುದು, ಅಜ್ಜಿ ಮಾಡ್ತಿದ್ದ ಸಂಡಿಗೆ ಗೊತ್ತಿರಬಹುದು. ಅದರ ಬಗ್ಗೆ ಒಂದು ವಾಕ್ಯ ತಪ್ಪಿದೆ ಅಂತ ಗೊತ್ತಾದ ದಿನ ಅರ್ಧ ಗಂಟೆ ಕೂತು ಆಧಾರ ಹುಡುಕಿ ತಿದ್ದಿ. ಅಳಿಸ್ತಾರೆ. ಮತ್ತೆ ಹೋಗಿ ಕೇಳಿ. ಅವರು ಕೇಳೋ ಪ್ರಶ್ನೆ ಕೆಲವು ಸಲ ನಿಮ್ಮ ಉತ್ತರಕ್ಕಿಂತ ಚೆನ್ನಾಗಿರುತ್ತೆ.

ನನ್ನ ಕೇಸು ಮೂರು ವಾರ ನಡೀತು. ಕೊನೆಗೆ ನಾನು ಮತ್ತು ನನ್ನ ವಾಕ್ಯ ಅಳಿಸಿದವರು ಸೇರಿ ಬರೆದದ್ದರ ಸಾರಾಂಶ ಇದು: ಸೆರಿಫಿನ ಮೂಲದ ಬಗ್ಗೆ ಒಮ್ಮತವಿಲ್ಲ, ಅದು ಕೆತ್ತನೆಯಿಂದ ಬಂತು ಅನ್ನೋದು ಹಳೆಯ ವಿವರಣೆ, ಸಾಮ್ರಾಜ್ಯ ಕಾಲದ ರೋಮನ್ ಅಕ್ಷರಗಳನ್ನು ಮೊದಲು ಚಪ್ಪಟೆ ಬ್ರಷ್ಷಿನಲ್ಲಿ ಬರೆದದ್ದರಿಂದ ಬಂತು ಅಂತ ಕ್ಯಾಟಿಚ್ 1968ರಲ್ಲಿ ವಾದಿಸಿದರು, ಅದಕ್ಕಿಂತ ಹಳೆಯ ಗ್ರೀಕ್ ಶಾಸನಗಳಲ್ಲೂ ಅರಳಿದ ತುದಿಗಳು ಕಾಣುತ್ತವೆ. ನಾಲ್ಕು ತುಂಡು, ಪ್ರತಿಯೊಂದಕ್ಕೂ ಆಧಾರ. ಕಥೆಯಾಗಿ ಇದು ಸಪ್ಪೆ. ಪಾರ್ಟಿಯಲ್ಲಿ ಹೇಳಿದರೆ ಯಾರೂ 'ಹೌದಲ್ವಾ' ಅನ್ನಲ್ಲ. ಆದರೆ ಇದರಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಮನುಷ್ಯರ ಊಹೆ ಇದೆ ಅನ್ನೋದು ಓದಿದವರಿಗೆ ಗೊತ್ತಾಗುತ್ತೆ.

ಊರಿಗೆ ಹೋದಾಗ ಮಾವನಿಗೆ ಮೊಬೈಲಿನಲ್ಲಿ ಟ್ರಾಜನ್ ಶಾಸನ ತೋರಿಸಿದೆ. ಈಗ ಕೈ ನಡುಗುತ್ತೆ, ಬೋರ್ಡು ಬರೆಯೋದು ಬಿಟ್ಟು ಬಹಳ ವರ್ಷ ಆಯ್ತು. ಕನ್ನಡಕ ಮೇಲೆತ್ತಿ, ಫೋನ್ ದೂರ ಹಿಡಿದು, ತುಂಬಾ ಹೊತ್ತು ನೋಡಿದರು. ಭಾಷೆ ಯಾವುದು, ದೊರೆ ಯಾರು ಅಂತ ಒಂದೂ ಕೇಳಲಿಲ್ಲ.

"ಒಳ್ಳೇ ಕೈ ಕಣೋ. ಯಾರು ಬರ್ದಿದ್ದು?" ಅಂದರು.

"ಗೊತ್ತಿಲ್ಲ ಮಾವ. ಹೆಸರು ಹಾಕಿಲ್ಲ."

"ನಮ್ಮವರು ಯಾವತ್ತು ಹಾಕಿದಾರೆ ಬಿಡು" ಅಂತ ಫೋನ್ ವಾಪಸ್ ಕೊಟ್ಟರು.